ಉಗುರಿನಷ್ಟು ಹಸಿರು

“ಇದು ಹೋಗಿದೆ ಅನ್ಸುತ್ತೆ ಕಣ್ರೀ.”

ಭಾನುವಾರ ಬೆಳಿಗ್ಗೆ ಹೆಂಡತಿ ಹೇಳಿದ್ದು ಇಷ್ಟೇ. ಹೇಳಿದವಳು ಒದ್ದೆ ಬಟ್ಟೆ ಕೊಡವಿಕೊಂಡು ತಂತಿಯ ಕಡೆಗೆ ನಡೆದಳು. ಟೀ ಲೋಟ ಹಿಡಿದು ಅಂಗಳದಲ್ಲಿ ಕೂತಿದ್ದ ಎಕ್ಸ್‌ರೇಗೆ ಮಾತ್ರ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಿಗೆ ಸಿಕ್ಕಿಕೊಂಡಿತು.

ಎಕ್ಸ್‌ರೇ ಎಂದರೆ ಯಂತ್ರವಲ್ಲ, ಮನುಷ್ಯ. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. ದಿನವಿಡೀ ಜನರ ಎದೆಗೆ ತಟ್ಟೆ ಒತ್ತಿ “ಉಸಿರು ಹಿಡೀರಿ... ಅಲ್ಲಾಡಬೇಡಿ... ಬಿಡಿ” ಎನ್ನುತ್ತಿದ್ದ. ಅವನ ನಿಜವಾದ ಹೆಸರು ಹೆಂಡತಿಗೆ ಗೊತ್ತಿತ್ತು, ಅವಳು ಕರೆಯುತ್ತಿರಲಿಲ್ಲ. ಮಿಕ್ಕವರು ಕರೆಯುತ್ತಿದ್ದರೇನೋ, ಅವರಿಗೆ ಗೊತ್ತಿರಲಿಲ್ಲ.

ಹೆಂಡತಿ ಬೆರಳು ತೋರಿಸಿದ್ದು ಮಣ್ಣಿನ ತಟ್ಟೆಯಲ್ಲಿ ನಿಂತಿದ್ದ ಮೊಣಕೈ ಉದ್ದದ ಬೋನ್ಸಾಯ್ ಮರದತ್ತ. ಮೈ ತಿರುಚಿಕೊಂಡು, ಸೊಂಟ ಹಿಡಿದ ಮುದುಕನಂತಿತ್ತು. ಎಲೆ ಒಂದೂ ಇಲ್ಲ. ಕಾಡುಮರವನ್ನು ಬೇರುಸಹಿತ ಕಿತ್ತು ತಂದಾಗ ಎಲೆಗಳನ್ನು ಸವರಿಬಿಡಬೇಕು, ಇಲ್ಲದಿದ್ದರೆ ಗಾಯಗೊಂಡ ಬೇರಿಗೆ ಅಷ್ಟು ಬಾಯಿಗಳಿಗೆ ನೀರುಣಿಸುವ ತ್ರಾಣವಿರುವುದಿಲ್ಲ. ಹಾಗೆಂದು ಅವನೇ ಎಲ್ಲ ಎಲೆ ತೆಗೆದಿದ್ದ. ಈಗ ಅದು ಮರವೋ ಒಲೆಗೆ ಹಾಕುವ ಪುಳ್ಳೆಯೋ ಎಂದು ನೋಡಿದವರೇ ಹೇಳಬೇಕಿತ್ತು.

ಅವನಿಗೆ ಈ ಭಯ ಸುಮ್ಮನೆ ಹತ್ತಿದ್ದಲ್ಲ. ಹೋದ ವರ್ಷ ನರ್ಸರಿಯವನೊಬ್ಬ, “ಬಂಡೆ ಸಂದೀಲಿ ಹುಟ್ಟಿದ್ದು ಸಾರ್, ನಿಮ್ಮಜ್ಜನಿಗೇ ಇದು ಅಣ್ಣ ಆಗ್ಬೇಕು” ಎಂದು ಒಂದು ಕಾಡುಮರ ಮಾರಿದ್ದ. ಇಡೀ ಬೇಸಿಗೆ ನೀರು ಹಾಕಿದ. ಅಜ್ಜನ ಅಣ್ಣ ಕಣ್ಣೇ ಬಿಡಲಿಲ್ಲ. ಕೊನೆಗೆ ಎಳೆದು ನೋಡಿದರೆ ಬೇರೇ ಇಲ್ಲ, ಬರೀ ಕೊರಡು. ಜಗಳಕ್ಕೆ ಹೋದಾಗ ನರ್ಸರಿಯವನು ಹಲ್ಲು ಕಿರಿದು, “ಕೊಳ್ಳೋವಾಗ ಉಗುರಲ್ಲಿ ತೊಗಟೆ ಕೆರೆದು ನೋಡ್ಬೇಕು ಸಾರ್. ಒಳಗೆ ಹಸಿರಿದ್ರೆ ಜೀವ, ಕಂದು ಇದ್ರೆ ಸೌದೆ. ಬಂದೋರೆಲ್ಲ ಕೆರೀತಾರೆ. ನೀವೊಬ್ರೇ ನೋಡಿ, ಮರ್ಯಾದಸ್ಥರು!” ಎಂದಿದ್ದ. ಅಂದೇ ಎಕ್ಸ್‌ರೇ ಆ ಬಗೆಯ ಮರ್ಯಾದೆ ಬಿಟ್ಟ.

ಆದರೆ ಈ ಮರ ಕೊಂಡದ್ದಲ್ಲ. ಆಸ್ಪತ್ರೆಯ ಹಳೇ ಕಟ್ಟಡದಲ್ಲಿ, ಎಕ್ಸ್‌ರೇ ಕೋಣೆಯ ಕಿಟಕಿಯ ಕೆಳಗೆ, ಗೋಡೆಯ ಬಿರುಕಿನಲ್ಲಿ ತಾನಾಗಿ ಹುಟ್ಟಿದ್ದು. ಬೀಜ ಹಾಕಿದ ಹಕ್ಕಿ ವಿಳಾಸ ಕೊಟ್ಟಿರಲಿಲ್ಲ. ಅವನಿಗೆ ಕೆಲಸ ಕಲಿಸಿದ ಗುರುಗಳು ದಿನಾ ಟೀ ಕುಡಿದ ಲೋಟ ತೊಳೆದು ಆ ಕಿಟಕಿಯಿಂದ ಹೊರಗೆ ಚೆಲ್ಲುತ್ತಿದ್ದರು. ಆ ಎಂಜಲು ನೀರಲ್ಲೇ ಅದು ಬದುಕಿತು. “ಉಸಿರು ಹಿಡೀರಿ, ಬಿಡಿ” ಎನ್ನುವ ಮಂತ್ರವನ್ನು ಅವನ ಬಾಯಿಗೆ ಹಾಕಿದವರೂ ಅವರೇ. ನಿವೃತ್ತಿಯ ದಿನ ಗೇಟಿನಲ್ಲಿ ಅವರ ಕೈ ಹಿಡಿದು ಎಕ್ಸ್‌ರೇ, “ಮುಂದಿನ ವಾರ ಮನೆಗೆ ಬರ್ತೀನಿ ಸಾರ್” ಎಂದಿದ್ದ. ಮನೆ ಇದ್ದದ್ದು ಅದೇ ಊರಿನಲ್ಲಿ, ಬಸ್ ಹತ್ತಿ ಕೂರುವಷ್ಟರಲ್ಲಿ ಇಳಿಯಬೇಕಾದ ದೂರದಲ್ಲಿ. ಆದರೂ ಆ ಮುಂದಿನ ವಾರ ವರ್ಷಗಟ್ಟಲೆ ಮುಂದೆ ಮುಂದೆಯೇ ಓಡುತ್ತಿತ್ತು.

ಈಗ ಗುರುಗಳು ಮಗಳ ಊರಿಗೆ ಹೊರಟಿದ್ದರು, ಕಾಯಮ್ಮಾಗಿ. ಇಂದು ಸಂಜೆ ಹೋಗುವ ದಾರಿಯಲ್ಲಿ ಇಲ್ಲಿಗೆ ಬಂದು ಹೋಗುವುದಾಗಿ ಫೋನ್ ಮಾಡಿದ್ದರು. ಹಳೇ ಕಟ್ಟಡ ಕೆಡವುತ್ತಾರೆಂದು ತಿಳಿದ ದಿನವೇ ಎಕ್ಸ್‌ರೇ ಉಳಿ ಹಿಡಿದು ಗೋಡೆಗೆ ಜೋತುಬಿದ್ದು, ಬೇರಿನ ಕೂದಲೂ ಕೊಂಕದಂತೆ ಮರವನ್ನು ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ. ಹೋಗದೇ ಉಳಿದ ವಾರಗಳನ್ನೆಲ್ಲ ಒಂದೇ ತಟ್ಟೆಯಲ್ಲಿ ಇಟ್ಟು ಅವರ ಕೈಗೆ ಕೊಡಬೇಕೆಂಬ ಆಸೆ.

ಅಂಥದ್ದಕ್ಕೆ ಹೆಂಡತಿ “ಹೋಗಿದೆ” ಎನ್ನುವುದೇ? ಅವಳು ಬೆನ್ನು ತಿರುಗಿಸಿದ್ದೇ ತಡ, ಎಕ್ಸ್‌ರೇ ಬಗ್ಗಿ ಒಮ್ಮೆ ನೋಡಿದ. ಸಮಾಧಾನವಾಯಿತು. ಟೀ ಮಾತ್ರ ಆರಿತ್ತು.

“ಏನಯ್ಯಾ ಎಕ್ಸ್‌ರೇ, ಮುರಿದ ಕೊಡೆ ನೆಟ್ಟಿದ್ದೀಯಾ?”

ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರ ತಲೆ ಮೂಡಿತು. ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ಕೊರಳಲ್ಲಿನ ಸೀಟಿ ಬಿಟ್ಟಿರಲಿಲ್ಲ.

“ಜೀವ ಇದೆ ಮೇಷ್ಟ್ರೇ. ತೊಗಟೆ ಕೆಳಗೆ ಹಸಿರಿರುತ್ತೆ, ಉಗುರು ತಾಗಿಸಿದ್ರೆ...”

ಹೇಳಬಾರದಿತ್ತು. ಮೇಷ್ಟ್ರು ಆಗಲೇ ಗೇಟು ದಾಟಿ ಬಂದು ಹೆಬ್ಬೆರಳ ಉಗುರನ್ನು ಕಾಂಡಕ್ಕೆ ಊರಿದರು. “ಭೇಷ್! ಹಾಜರ್!” ಎಂದು ಸೀಟಿ ಊದಿದರು.

ಸೀಟಿ ಕೇಳಿ ಮಹಡಿ ಅಕ್ಕ ಇಳಿದು ಬಂದಳು. ಕೇರಿಯ ಸುದ್ದಿಗೆಲ್ಲ ಅವಳ ಮೆಟ್ಟಿಲೇ ಹೆದ್ದಾರಿ. “ಮೇಷ್ಟ್ರಿಗೆ ತೋರಿಸ್ತೀಯ, ನಾನು ನೋಡಿದ್ರೆ ಸವೆದು ಹೋಗುತ್ತೇನೋ ತಮ್ಮಾ?” ಎನ್ನುತ್ತಲೇ ಬಣ್ಣ ಹಚ್ಚಿದ ಉಗುರಿನಿಂದ ಒಂದು ಗೀರು ಎಳೆದಳು. “ಅಯ್ಯೋ, ಹಸಿರೇ! ಒಳ್ಳೆ ಅವರೆಕಾಯಿ ಒಳಗಿದ್ದ ಹಾಗಿದೆ!”

ಅಕ್ಕನಿಗೆ ತಲೆನೋವಿನ ಮಾತ್ರೆ ಕೊಡಲು ಬಂದ ಔಷಧಿ ಅಂಗಡಿಯವನು ತಾನೂ ಒಂದು ಕಡೆ ಕೆರೆದ. ಹಸಿರು ಕಂಡ. ಆದರೂ ವೈದ್ಯರ ಗತ್ತಿನಲ್ಲಿ ತಲೆಯಾಡಿಸಿದ.

“ಈಗೇನೋ ಇದೆ ಸಾರ್. ಮಧ್ಯಾಹ್ನ ಇರುತ್ತೆ ಅಂತ ಏನು ಗ್ಯಾರಂಟಿ? ಬೆಳಿಗ್ಗೆ ಮಾತಾಡಿದ ಪೇಷಂಟು ಸಾಯಂಕಾಲಕ್ಕೆ...” ಎಂದು ವಾಕ್ಯವನ್ನು ಅಲ್ಲೇ ಬಿಟ್ಟು ಅಂಗಡಿಗೆ ಹೋದ.

ವಾಕ್ಯ ಹೋಗಲಿಲ್ಲ. ಎಕ್ಸ್‌ರೇಯ ತಲೆಯೊಳಗೆ ಸೊಳ್ಳೆಯಂತೆ ಗುಂಯ್‌ಗುಟ್ಟಿತು. ಬೆಳಗಿನ ಹಸಿರು ಬೆಳಗಿನದು. ಈಗಿನದು? ಸ್ನಾನಕ್ಕೆ ಹೊರಟವನು ಟವೆಲ್‌ನಲ್ಲೇ ಅಂಗಳಕ್ಕೆ ಬಂದು ಒಮ್ಮೆ ನೋಡಿ ಹೋದ. ತಲೆಗೆ ಸೋಪು ಹಚ್ಚಿಕೊಂಡ ಮೇಲೆ ಮತ್ತೆ ಅನುಮಾನ ಬಂತು, ಕಣ್ಣುರಿ ಸಹಿಸಿಕೊಂಡು ಬಂದು ನೋಡಿದ. ಊಟದ ಮಧ್ಯೆ ಎದ್ದ.

“ಮದುವೆ ಆದಾಗಿಂದ ನನ್ನನ್ನ ಇಷ್ಟು ಸಲ ನೋಡಿಲ್ಲ ನೀವು” ಎಂದಳು ಹೆಂಡತಿ.

“ನಿನಗೆ ಜೀವ ಇದೆ ಅಂತ ನೋಡದೇನೇ ಗೊತ್ತಾಗುತ್ತೆ. ಕೇಳಿಸುತ್ತಲ್ಲ!”

ಅದಾದ ಮೇಲೆ ಎರಡನೇ ಸಲ ಅನ್ನ ಬಡಿಸಲು ಯಾರೂ ಬರಲಿಲ್ಲ.

ಊಟವಾಗಿ ಹೊರಗೆ ಬಂದಾಗ ಬಿಸಿಲು ಮರದ ಮೇಲೆ ನೇರವಾಗಿ ಬಿದ್ದಿತ್ತು. ಆಗ ಕಾಣಿಸಿತು: ಕಾಂಡದ ಬುಡದಲ್ಲಿ ಇಲ್ಲೊಂದು ಗೀರು, ಅಲ್ಲೊಂದು ಗೀರು, ಹಿಂದೆ ನಾಲ್ಕಾರು. ಎಕ್ಸ್‌ರೇಯ ರಕ್ತ ಕುದಿಯಿತು.

“ಕೋತಿಗಳು! ನನ್ನ ಕಣ್ಣು ತಪ್ಪಿಸಿ ಬಂದು ಕೆರೆದಿದ್ದಾವೆ!”

ಆಸ್ಪತ್ರೆಯಿಂದ ತಂದ ಬ್ಯಾಂಡೇಜ್ ಬಟ್ಟೆಯನ್ನು ಕಾಂಡಕ್ಕೆ ಸುತ್ತಿದ. ಮರವನ್ನು ಒಳಗೆ ತಂದು ಬೀರುವಿನ ಮೇಲಿಟ್ಟ. ಅಲ್ಲಿ ಗಾಳಿ ಇಲ್ಲವೆನಿಸಿ ಬಚ್ಚಲಿಗೆ ಒಯ್ದ. ಅಲ್ಲಿ ಬೆಳಕಿಲ್ಲವೆನಿಸಿ ಕಿಟಕಿಗೆ ತಂದ. ಒಂದೊಂದು ಜಾಗ ಬದಲಿಸಿದಾಗಲೂ ಈ ಓಡಾಟಕ್ಕೆ ಪಾಪ ಏನಾಯಿತೋ ಎಂದು ಪಟ್ಟಿ ಸಡಿಲಿಸಿ ಒಮ್ಮೆ ನೋಡಿ, ಮತ್ತೆ ಬಿಗಿದ. ಕಿಟಕಿಯಾಚೆ ಮೇಷ್ಟ್ರು ಕಂಡರೆ ಕಣ್ಣಲ್ಲೇ ಗುರಾಯಿಸಿದ.

ಸಂಜೆ ಬಾಡಿಗೆ ಕಾರು ಬಂದು ನಿಂತಿತು. ಗುರುಗಳು ಇಳಿದರು. ಹಿಂದೆ ಬಾಗಿಲ ತುಂಬ ಇದ್ದ ಮನುಷ್ಯ, ಈಗ ಅವರ ಪಕ್ಕದಲ್ಲಿ ಇನ್ನೊಬ್ಬರು ನುಗ್ಗಬಹುದಿತ್ತು. ಗೋಡೆ ಹಿಡಿದು ಮೆಟ್ಟಿಲು ಹತ್ತಿದರು. ಎಕ್ಸ್‌ರೇ ಅವರ ಮುಖ ಬಿಟ್ಟು ಚಪ್ಪಲಿ ನೋಡಿದ. ಅಷ್ಟರಲ್ಲಿ ಮೇಷ್ಟ್ರು, ಅಕ್ಕ, ಔಷಧಿಯವನು, ಎಲ್ಲರೂ ಸಾಲಾಗಿ ಬಂದು ನೆರೆದದ್ದು ಒಳ್ಳೆಯದೇ ಆಯಿತು.

“ನಿಮಗೋಸ್ಕರ ಸಾರ್” ಎಂದು ತಟ್ಟೆ ಮುಂದೆ ಹಿಡಿದ. “ಆ ಕಿಟಕಿ ಕೆಳಗಿಂದು.”

ಗುರುಗಳು ಕನ್ನಡಕ ಏರಿಸಿ ಬುಡ ನೋಡಲಿಲ್ಲ, ತುದಿ ನೋಡಿದರು. ಮುಖ ಅರಳಿತು.

“ಅರೆ, ಚಿಗುರಿದೆಯಲ್ಲೋ!”

ಎಲ್ಲರೂ ಬಗ್ಗಿದರು. ನೆತ್ತಿಯ ಕಡ್ಡಿಯಲ್ಲಿ, ಇಲಿಮರಿಯ ಕಿವಿಯಷ್ಟು, ಎಳೆ ಚಿಗುರು. ಇಡೀ ದಿನ ಎಲ್ಲರೂ ಬುಡ ನೋಡಿದ್ದರು, ತಲೆ ಎತ್ತಿ ನೋಡಿದವರಿಲ್ಲ. ಮೇಷ್ಟ್ರು ಸೀಟಿ ಊದಿದರು. ಎಕ್ಸ್‌ರೇಯ ಕಣ್ಣು ತುಂಬಿತು. ಇಷ್ಟು ವರ್ಷಗಳ ಭಾರ ಆ ಇಲಿಕಿವಿಯ ಮೇಲೆ ಹಗುರಾಗಿ ಕೂತಂತಾಯಿತು.

“ಅದ್ಸರಿ, ಈ ಬ್ಯಾಂಡೇಜ್ ಯಾಕೆ? ಫ್ರ್ಯಾಕ್ಚರಾ?” ಎನ್ನುತ್ತ ಗುರುಗಳು ಪಟ್ಟಿ ಬಿಚ್ಚಿದರು. ಬಿಚ್ಚಿದವರು ಬುಡವನ್ನು ಬೆರಳಿಂದ ಒಂದು ಸುತ್ತು ಸವರಿದರು.

ಗೀರುಗಳು ಒಂದಕ್ಕೊಂದು ಕೈಕೈ ಹಿಡಿದುಕೊಂಡಿದ್ದವು. ಬುಡದ ಸುತ್ತ ಬಳೆಯಂತೆ ತೊಗಟೆ ಪೂರಾ ಹೋಗಿ ಬಿಳಿ ಕಟ್ಟಿಗೆ ಕಾಣುತ್ತಿತ್ತು.

“ಸುತ್ತಲೂ ತೆಗೆದುಬಿಟ್ಟಿದ್ದಾರೆ” ಎಂದರು ಮೆಲ್ಲಗೆ. “ಎಲೆ ಅಡುಗೆ ಮಾಡಿದ್ದು ಬೇರಿಗೆ ಇಳಿಯೋದು ತೊಗಟೇಲೇ ಕಣೋ. ಚಿಗುರು ಇನ್ನೂ ಕೆಲವು ದಿನ ಹೀಗೇ ನಗ್ತಿರುತ್ತೆ, ಅದಕ್ಕೆ ಸುದ್ದಿ ಗೊತ್ತಿಲ್ಲ.”

“ಇವರೇ ಸಾರ್!” ಎಕ್ಸ್‌ರೇ ಸಿಡಿದ. “ಈ ಮೂರೂ ಜನ! ಎಲ್ಲಿ, ಕೈ ತೋರಿಸಿ!”

“ಕೈ ಮುಂದೆ ಚಾಚ್!” ಎಂದು ಮೇಷ್ಟ್ರು ತಾವೇ ಆಜ್ಞೆ ಕೊಟ್ಟು ತಾವೇ ಚಾಚಿದರು. ಹೆಬ್ಬೆರಳ ಉಗುರೊಂದರ ಸಂದಿಯಲ್ಲಿ ಹಸಿರು ಗೆರೆ. ಅಕ್ಕನ ತೋರುಬೆರಳಲ್ಲಿ, ಬಣ್ಣದ ಕೆಳಗೆ, ಇನ್ನೊಂದು ಗೆರೆ. ಔಷಧಿಯವನ ಕಿರುಬೆರಳಲ್ಲಿ ಇತ್ತೋ ಇಲ್ಲವೋ ಎಂಬಷ್ಟು.

“ಇಷ್ಟರಲ್ಲಿ ಇಷ್ಟು ದೊಡ್ಡ ಬಳೆ ಆಗಲ್ಲವಲ್ಲ” ಎಂದರು ಗುರುಗಳು. ಎಕ್ಸ್‌ರೇ ಕಡೆ ತಿರುಗಿದರು. “ಎಲ್ಲಿ, ನಿಂದು?”

ಎಕ್ಸ್‌ರೇ ಕೈಗಳನ್ನು ಬೆನ್ನ ಹಿಂದೆ ಎಳೆದುಕೊಂಡ. ಹಿಂದೆ ಹೆಂಡತಿ ನಿಂತಿದ್ದಳು. ಅವಳೇ ಎರಡನ್ನೂ ಹಿಡಿದು ಮುಂದಕ್ಕೆ ತಂದು ದೀಪದ ಕೆಳಗೆ ಹರವಿದಳು. ಹತ್ತಕ್ಕೆ ಹತ್ತೂ ಹಸಿರು.

“ನೋಡಿದ್ದು ಅಷ್ಟೇ ಸಾರ್...” ಎಂದ ಎಕ್ಸ್‌ರೇ. “ಜೀವ ಇದೆಯಾ ಅಂತ.”

ಮೇಷ್ಟ್ರು ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟರು. ಹೆಂಡತಿ ಒಳಗೆ ಹೋಗಿ ನೇಲ್ ಕಟರ್ ತಂದು ಅವನ ಅಂಗೈಗಿಟ್ಟಳು.

ಗುರುಗಳು ಚಿಗುರನ್ನು ಮುಟ್ಟದೆ ಸ್ವಲ್ಪ ಹೊತ್ತು ನೋಡಿದರು. “ಅಷ್ಟು ವರ್ಷ ಅದರ ತಲೆ ಮೇಲೆ ಎಂಜಲು ನೀರು ಚೆಲ್ಲಿದೆ. ಬದುಕಿದ್ದೀಯಾ ಅಂತ ಒಂದಿನಾನೂ ಕೇಳಲಿಲ್ಲ. ಅದಕ್ಕೇ ಬದುಕಿತ್ತೇನೋ.” ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟರು. “ಅದನ್ನ ಕೇಳಿದ್ದರಲ್ಲಿ ಒಂದೇ ಒಂದು ಸಲ ನನ್ನನ್ನ ಕೇಳಿದ್ರೆ ಆಗ್ತಿತ್ತು. ನಂಗೆ ತೊಗಟೆ ದಪ್ಪ ಇತ್ತು.”

ತಟ್ಟೆಯನ್ನು ಮತ್ತೆ ಕಿಟಕಿಯಲ್ಲೇ ಇಡಿಸಿದರು. ಅದಕ್ಕೆ ಪ್ರಯಾಣದ ಶಕ್ತಿಯಿಲ್ಲ ಎಂದರು. ಕಾರಿನವರೆಗೂ ಎಕ್ಸ್‌ರೇ ತಲೆ ತಗ್ಗಿಸಿ ಬಂದ. ಹೇಳಬೇಕಾದದ್ದು ಬಹಳವಿತ್ತು. ಬಾಗಿಲು ಮುಚ್ಚುವಾಗ ಬಾಯಿಂದ ಬಂದದ್ದು ಮಾತ್ರ ಹಳೇದೇ:

“ಮುಂದಿನ ವಾರ ಬರ್ತೀನಿ ಸಾರ್.”

ಗುರುಗಳು ಗಾಜು ಇಳಿಸಿದರು. ನಕ್ಕರು.

“ಉಸಿರು ಹಿಡ್ಕೊಂಡಿರ್ತೀನಿ ಕಣೋ” ಎಂದರು. “‘ಬಿಡಿ’ ಅನ್ನೋಕಾದ್ರೂ ಬಾ.”