ಕೇಕಿನ ಮೇಲೊಂದು ಶ್ರೀಕಾರ

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ನಾನೇ ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ, ಏಕೆಂದರೆ ನನ್ನ ಬಗ್ಗೆ ಹೇಳಿಕೊಳ್ಳಲು ಬೇರೆ ಏನೂ ಇಲ್ಲ. ಎತ್ತರ ಸಾಧಾರಣ, ಬುದ್ಧಿ ಅದಕ್ಕಿಂತ ತುಸು ಸಾಧಾರಣ, ಧ್ವನಿಯನ್ನು ಕೇಳಿದವರು ನೆಗಡಿಯೇ ಎಂದು ವಿಚಾರಿಸುತ್ತಾರೆ. ಅಕ್ಷರದ ಮಾತು ಬೇರೆ. ಹರಿಹರದಲ್ಲಿ ಮದುವೆ ಚಪ್ಪರದ ‘ಸುಸ್ವಾಗತ’ವಿರಲಿ, ವರ್ಗವಾಗಿ ಹೋಗುವ ಅಮಲ್ದಾರರ ಬಿನ್ನವತ್ತಳೆ ಇರಲಿ, ಎಲ್ಲ ನನ್ನ ಕೈಯವೇ. ಬಸ್ ಸ್ಟ್ಯಾಂಡಿನ ಹೋಟೆಲಿಗೆ ‘ಇಲ್ಲಿ ಉಗುಳಬಾರದು’ ಎಂದು ಬರೆದುಕೊಟ್ಟಿದ್ದೆ. ಅದು ಎಷ್ಟು ಚೆಂದ ಬಂದಿತ್ತೆಂದರೆ ಜನ ನಿಂತು ಓದಿ, ಮೆಚ್ಚಿ, ಅಲ್ಲೇ ಉಗುಳಿ ಮುಂದಕ್ಕೆ ಹೋಗುತ್ತಿದ್ದರು.

ಈ ಅಕ್ಷರವನ್ನು ನೋಡಿಯೇ ಹತ್ತಿ ಮಂಡಿಯ ದೊಡ್ಡ ಸಾಹುಕಾರರು ನನ್ನನ್ನು ಕಾಗದ ಬರೆಯುವ ಕೆಲಸಕ್ಕೆ ಇಟ್ಟುಕೊಂಡದ್ದು. ಇಪ್ಪತ್ತಾರು ವರ್ಷ ಮುಂಬಯಿಗೂ ಮದರಾಸಿಗೂ ಅವರ ಕಾಗದಗಳನ್ನು ಬರೆದೆ; ಮಂಡಿಯಲ್ಲಿ ನನಗೆ ‘ರೈಟರ್’ ಎಂದೇ ಹೆಸರಾಯಿತು. ಆಮೇಲೆ ಅವರು ತೀರಿಕೊಂಡರು. ಅವರ ಮಗ ಚಿಕ್ಕ ಸಾಹುಕಾರರು ಮುಂಬಯಿಯಲ್ಲಿ ಎರಡು ವರ್ಷ ಇದ್ದು ಬಂದವರು. ಒಂದು ದಿನ ನನ್ನ ಕಾಗದವನ್ನು ಬೆಳಕಿಗೆ ಹಿಡಿದು, “ಭಾಳ ಚೆಂದ ಐತೆ ರೈಟರ್ರೇ” ಎಂದರು. ನಾನು ಹಿಗ್ಗುವಷ್ಟರಲ್ಲಿ, “ಆದ್ರ ಒಂದು ಕಾಗ್ದಕ್ಕ ಅರ್ಧ ದಿನ ಆಗ್ತೈತೆ ನೋಡ್ರಿ. ಒಂದು ಟೈಪ್ ಮಿಷನ್ ತರಸ್ಬೇಕಂತ ಮಾಡೀನಿ” ಎಂದು ಸೇರಿಸಿದರು. ಮಿಷನ್ ಬಂದ ಮೇಲೆ ನಾನು ಎಲ್ಲಿಗೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಐವತ್ತರ ಹತ್ತಿರ ಬಂದ, ಅಕ್ಷರವೊಂದನ್ನು ಬಿಟ್ಟು ಬೇರೇನೂ ಬಾರದ ಮನುಷ್ಯನಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ? ಅವತ್ತಿನಿಂದ ನನಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ.

ಇಂಥ ಸಮಯದಲ್ಲಿ ಚಿಕ್ಕ ಸಾಹುಕಾರರ ಹೆಂಡತಿ ಶೈಲಜಮ್ಮ ನನ್ನನ್ನು ಮನೆಗೆ ಕರೆಸಿದರು. ಪುಣೆಯಲ್ಲಿ ಓದಿದವರು. ಮಗನಿಗೆ ಒಂದು ವರ್ಷ ತುಂಬುತ್ತಿತ್ತು. ಪುಣೆಯಲ್ಲಿ ಮಾಡುವ ಹಾಗೆ ಕೇಕು ಇಟ್ಟು ಫೋಟೋ ತೆಗೆಸಬೇಕೆಂದು ಅವರ ಆಸೆ. ದಾವಣಗೆರೆಯ ಮಹಿಳಾ ಸಮಾಜದಲ್ಲಿ ಬೆಂಗಳೂರಿನಿಂದ ಬಂದ ಹೆಂಗಸೊಬ್ಬರು ಮೂರು ಮಧ್ಯಾಹ್ನ ಕೇಕಿನ ಮೇಲೆ ಹೂವು, ಅಕ್ಷರ ಬಿಡಿಸುವುದನ್ನು ಹೇಳಿಕೊಡುತ್ತಾರಂತೆ. ಇವರೇ ಹೋಗಬೇಕೆಂದಿದ್ದರು. ಅತ್ತೆ ದೊಡ್ಡಮ್ಮನವರು, “ಕೂಸು ಬಿಟ್ಟು ಯಾವ ಸಾಲಿ ಕಲಿಯಾಕ ಹೋಗ್ತೀಯವ್ವ?” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದರು. “ನೀವು ಹೆಂಗೂ ಮಿಲ್ಲಿನ ಕೆಲಸಕ್ಕ ದಾವಣಗೆರೆಗೆ ಹೊಂಟೀರಿ. ಮಧ್ಯಾಹ್ನ ಅಲ್ಲಿ ಹೋಗಿ ಕಲ್ತು ಬರ್ರಿ. ನಿಮ್ಮ ಅಕ್ಷರ ಐತಲ್ಲ” ಎಂದರು ಶೈಲಜಮ್ಮ. ನಾನು ಕೇಕನ್ನು ಅದುವರೆಗೆ ದೂರದಿಂದ ನೋಡಿದ್ದೆ ಅಷ್ಟೇ. ಆದರೆ ಆ ಮನೆಯಲ್ಲಿ ನನ್ನ ಅಕ್ಷರವನ್ನು ಬೇಕು ಎನ್ನುವವರು ಒಬ್ಬರಾದರೂ ಉಳಿದರೆ ಮಿಷನ್ನಿನ ಜೊತೆ ಹೇಗೋ ಏಗಬಹುದು ಎಂದು ಲೆಕ್ಕ ಹಾಕಿ ಒಪ್ಪಿಕೊಂಡೆ.

ದಾವಣಗೆರೆಯಲ್ಲಿ ನಾನು ಇಳಿದುಕೊಳ್ಳುವುದು ನಿಟ್ಟುವಳ್ಳಿಯ ಭಾವಮೈದುನನ ಮನೆಯಲ್ಲಿ. ಮಧ್ಯಾಹ್ನ ಎಲ್ಲಿಗೆ ಎಂದು ಆತ ಕೇಳಿದ. ನಿಜ ಹೇಳಿದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಕ್ಕಗೆ ಗೊತ್ತೈತಾ?” ಎಂದ. ಗೊತ್ತಿದೆ ಎಂದೆ. ಆಮೇಲೆ ಮೂರು ದಿನವೂ ಆತ ನನ್ನೊಂದಿಗೆ ಬರೀ ಹವಾಮಾನದ ಬಗ್ಗೆ ಮಾತಾಡಿದ.

ಸಮಾಜದ ಬಾಗಿಲಲ್ಲೇ ಬೆಂಗಳೂರಿನ ಮೀನಾಕ್ಷಮ್ಮನವರು, “ಗಂಡಸರಿಗೆ ಇಲ್ಲ ಕಣ್ರೀ” ಎಂದರು. ನಾನು ಶೈಲಜಮ್ಮನವರ ಚೀಟಿಯನ್ನು ಕೊಟ್ಟೆ. ಓದಿದ ಅವರು, “ಇದು ಯಾರ ಅಕ್ಷರ?” ಎಂದು ಕೇಳಿದರು. ಹೇಳಿ ಬರೆಸಿದವರು ಶೈಲಜಮ್ಮ, ಬರೆದವನು ನಾನು ಎಂದೆ. ಮತ್ತೊಮ್ಮೆ ಚೀಟಿ ನೋಡಿದರು. “ಬನ್ನಿ, ಆ ಮೂಲೇಲಿ ಕೂತ್ಕೊಳ್ಳಿ” ಎಂದರು. ಒಳಗೆ ಹದಿನಾಲ್ಕು ಜನ ಹೆಂಗಸರಿದ್ದರು. ನಾನು ಕಾಲಿಟ್ಟೊಡನೆ ಹದಿನಾಲ್ಕು ಸೆರಗುಗಳು ಒಟ್ಟಿಗೆ ತಲೆಯ ಮೇಲೆ ಏರಿದವು. ನನಗೂ ಏನನ್ನಾದರೂ ತಲೆಯ ಮೇಲೆ ಎಳೆದುಕೊಳ್ಳಬೇಕೆನಿಸಿತು.

ವಿದ್ಯೆ ಕಷ್ಟದ್ದಲ್ಲ. ಬೆಣ್ಣೆಗೆ ಪುಡಿ ಸಕ್ಕರೆ ಹಾಕಿ ಕೈ ಸೋಲುವವರೆಗೆ ಕಡೆಯಬೇಕು. ಜಿಡ್ಡಿನ ಕಾಗದವನ್ನು ಶೇಂಗಾದ ಪೊಟ್ಟಣದ ಹಾಗೆ ಸುತ್ತಿ, ಬೆಣ್ಣೆ ತುಂಬಿ, ತುದಿಯನ್ನು ಕತ್ತರಿಸಿ ಹಿಂಡಬೇಕು. ನನ್ನ ಪಕ್ಕದಲ್ಲಿದ್ದವರು ಆನೆಕೊಂಡದ ಬಸಮ್ಮ ಎಂಬ ವಯಸ್ಸಾದ ಹೆಂಗಸು. ತರಗತಿಗೆ ಬೆಣ್ಣೆ ಒದಗಿಸುತ್ತಿದ್ದವರೂ ಅವರೇ. ಬೆಣ್ಣೆ ತಂದುಕೊಟ್ಟ ಮೇಲೆ ಅದರ ಗತಿ ಏನಾಗುತ್ತದೆಂದು ನೋಡಲು ಕೂತುಬಿಡುತ್ತಿದ್ದರು. “ಇಷ್ಟು ಬೆಣ್ಣೆ ರೊಟ್ಟಿಗೆ ಹಾಕಿದ್ರ ಎಂಟು ಮಂದಿ ಉಣ್ತಾರ. ನೋಡಾಕ ಅಂತ ಯಾಕ ಹಾಳು ಮಾಡ್ತೀರಿ?” ಎಂದು ಅವರು ದಿನಕ್ಕೊಮ್ಮೆ ಕೇಳುತ್ತಿದ್ದರು. ಮೀನಾಕ್ಷಮ್ಮನವರು ದಿನಕ್ಕೊಮ್ಮೆ ನಗುತ್ತಿದ್ದರು.

ಹದಿನೈದು ಜನಕ್ಕೆ ದಿನಾ ಕೇಕು ತರುವುದು ಆಗದ ಮಾತು. ಅದಕ್ಕೆ ನಮಗೆಲ್ಲ ಒಂದೊಂದು ಬೋಗುಣಿ ಕೊಟ್ಟಿದ್ದರು. ಅದನ್ನು ಬೋರಲು ಹಾಕಿ, ಅದೇ ಕೇಕು ಎಂದು ತಿಳಿದು ಅಭ್ಯಾಸ ಮಾಡಬೇಕು. ಆದ ಮೇಲೆ ಬೆಣ್ಣೆಯನ್ನು ಬಳಿದು ಮತ್ತೆ ಪೊಟ್ಟಣಕ್ಕೆ ತುಂಬಬೇಕು. ಮೊದಲ ದಿನ ಗುಲಾಬಿ. ನನ್ನ ಗುಲಾಬಿಯನ್ನು ನೋಡಿ ಬಸಮ್ಮ, “ಕೋಸು ಚಲೋ ಬಂದೈತೆ” ಎಂದರು. ಎರಡನೆಯ ದಿನ ಅಕ್ಷರ. ಮೀನಾಕ್ಷಮ್ಮನವರು ಇಂಗ್ಲಿಷಿನಲ್ಲಿ ಬರೆದು ತೋರಿಸಿ, “ಸುತ್ತ ಎರಡು ಬೆರಳು ಜಾಗ ಬಿಡಿ” ಎಂದರು. ನಾನು ಕನ್ನಡದಲ್ಲಿ ‘ಸುಸ್ವಾಗತ’ ಎಂದು ಹಿಂಡಿದೆ. ನಮ್ಮ ಅಕ್ಷರಗಳು ದುಂಡಗಿವೆ, ಬೆಣ್ಣೆಯೂ ದುಂಡಗೆ ಇಳಿಯುತ್ತದೆ. ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದಂತೆ ಕೂಡಿಕೊಂಡವು. ಹದಿನಾಲ್ಕು ಹೆಂಗಸರು ಎದ್ದು ಬಂದು ನನ್ನ ಬೋಗುಣಿಯ ಸುತ್ತ ನಿಂತರು. ಸೆರಗುಗಳು ತಲೆಯಿಂದ ಜಾರಿದ್ದು ಅವರಿಗೂ ಗೊತ್ತಾಗಲಿಲ್ಲ. “ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸ್ಬೇಕ್ರಿ” ಎಂದರು ಬಸಮ್ಮ. ಟೈಪ್ ಮಿಷನ್ನಿನ ಮಾತು ಬಂದಾಗಿನಿಂದ ಯಾರೂ ನನ್ನನ್ನು ಹಾಗೆ ಹೊಗಳಿರಲಿಲ್ಲ. ಕಣ್ಣಲ್ಲಿ ನೀರೇ ಬಂತು; ಪುಡಿ ಸಕ್ಕರೆ ಹಾರಿ ಕಣ್ಣಿಗೆ ಬಿತ್ತು ಎಂದು ಹೇಳಿಕೊಂಡೆ. ಜಾಗ ಬಿಡುವ ಮಾತು ಅಕ್ಷರ ಬಾರದವರಿಗೆ ಎಂದು ಅವತ್ತೇ ತೀರ್ಮಾನಿಸಿದೆ.

ಹೀಗೆ ಮೂರು ದಿನ ಬೋಗುಣಿಯ ಮೇಲೆ ಬರೆದು, ಬಳಿದು, ಬರೆದು ವಿದ್ಯೆ ಮುಗಿಸಿದೆ. ಬೋಗುಣಿಯನ್ನು ಯಾರೂ ಕತ್ತರಿಸುವುದಿಲ್ಲ. ಕೇಕನ್ನು ಕತ್ತರಿಸುತ್ತಾರೆ ಎಂಬ ವಿಷಯ ಪಾಠದಲ್ಲಿ ಬರಲೇ ಇಲ್ಲ.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಮೀನಾಕ್ಷಮ್ಮನವರಿಂದಲೇ ಬರೀ ಕೇಕೊಂದನ್ನು ಮಾಡಿಸಿಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಮೊಟ್ಟೆ ಹಾಕದೆ ಮೊಸರಿನಲ್ಲಿ ಮಾಡಿದ್ದು. ಲಿಂಗ ಕಟ್ಟಿದ ಮನೆಗೆ ಬೇರೆ ಹೇಗೆ ಒಯ್ಯಲಿ? ದಾರಿಯಲ್ಲಿ ಬಾತಿ ಊರಿನ ಹತ್ತಿರ ಪಕ್ಕದ ಸೀಟಿನವನು ಮೂಗು ಅರಳಿಸಿ, “ಏನ್ರಿ ಅದು, ಬ್ರೆಡ್ಡಾ?” ಎಂದ. ಕೇಕು ಎಂದೆ. “ಪಾಪ, ಯಾರಿಗೆ ಹುಷಾರಿಲ್ಲ?” ಎಂದು ಮರುಕಪಟ್ಟ. ಬೇಕರಿಯ ತಿಂಡಿ ಎಂದರೆ ಜ್ವರದವರಿಗೆ ಎಂಬ ಕಾಲ ಅದು. ಅವನಿಗೆ ವಿವರಿಸುವುದಕ್ಕಿಂತ ಸುಲಭವೆಂದು, “ಮನೆಯವರಿಗೆ” ಎಂದುಬಿಟ್ಟೆ. ಹರಿಹರ ಬರುವವರೆಗೆ ಆತ ನನಗೆ ಕಷಾಯಗಳನ್ನು ಹೇಳಿಕೊಟ್ಟ.

ಸಾಹುಕಾರರ ಮನೆಯ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎರಡು ಗಂಟೆ ಕೂತು ಬರೆದೆ. ಇಪ್ಪತ್ತಾರು ವರ್ಷದಲ್ಲಿ ಶ್ರೀಕಾರ ಹಾಕದೆ ನಾನು ಒಂದು ಸಾಲೂ ಬರೆದವನಲ್ಲ. ಹತ್ತಿಯ ದರ ಕೇಳುವ ಕಾಗದಕ್ಕೇ ಶ್ರೀ ಹಾಕುವವನು ಮಗುವಿನ ಹುಟ್ಟುಹಬ್ಬಕ್ಕೆ ಬಿಡುತ್ತೇನೆಯೇ? ನೆತ್ತಿಯ ಮೇಲೆ ಶ್ರೀ. ಅದರ ಕೆಳಗೆ ‘ಶ್ರೀ ಹರಿಹರೇಶ್ವರ ಪ್ರಸನ್ನ’. ನಡುವೆ ದಪ್ಪಕ್ಷರದಲ್ಲಿ ‘ಚಿರಂಜೀವಿ ಮಲ್ಲಿಕಾರ್ಜುನ’. ಅದರ ಕೆಳಗೆ ಆಯುರಾರೋಗ್ಯ, ಐಶ್ವರ್ಯ, ಅಭಿವೃದ್ಧಿ. ಅಂಚಿನ ತನಕ ಒಂದು ಬೆರಳೂ ಬರಿದಾಗಿ ಉಳಿಯಲಿಲ್ಲ. ಹಿಂದೆ ಸರಿದು ನೋಡಿದೆ. ನನ್ನ ಜೀವಮಾನದ ಅತ್ಯುತ್ತಮ ಬರಹ ಅದು.

ಪಡಸಾಲೆಯಲ್ಲಿ ನಲವತ್ತು ಜನ ಸೇರಿದ್ದರು. ಫೋಟೋದವನು ಮೂರು ಕಾಲಿನ ಸ್ಟ್ಯಾಂಡಿನ ಹಿಂದೆ ಕರಿ ಬಟ್ಟೆಯೊಳಗೆ ಹೊಕ್ಕು ಸಿದ್ಧನಾಗಿದ್ದ. ಎಲ್ಲರಿಗೂ ಭಯವಿದ್ದದ್ದು ದೊಡ್ಡಮ್ಮನವರದು. ಅವರು ಕೇಕಿನ ಹತ್ತಿರ ಬಂದು, ಮೂಸಿ, “ಮೊಟ್ಟೆ?” ಎಂದರು. ಇಲ್ಲ ಎಂದೆ. ಆಮೇಲೆ ಕನ್ನಡಕ ಹಾಕಿಕೊಂಡು ಓದತೊಡಗಿದರು. ದೇವರ ಹೆಸರು ಬಂದಾಗ ಕೈ ಮುಗಿದರು. ಮೂರನೆಯ ಸಾಲಿಗೆ ಬಂದಾಗ ತುಟಿ ನಿಂತುಹೋಯಿತು. ಮಲ್ಲಿಕಾರ್ಜುನ ಎಂಬುದು ತೀರಿಹೋದ ದೊಡ್ಡ ಸಾಹುಕಾರರ ಹೆಸರು. ಮೊಮ್ಮಗನಿಗೆ ಅದನ್ನೇ ಇಟ್ಟಿದ್ದರು. ಗಂಡನ ಹೆಸರನ್ನು ಬಾಯಲ್ಲಿ ಆಡದ ದೊಡ್ಡಮ್ಮ ಮೊಮ್ಮಗನನ್ನೂ ‘ಸಾಹುಕಾರ್ರು’ ಎಂದೇ ಕರೆಯುತ್ತಿದ್ದರು. ಬಹಳ ಹೊತ್ತು ಆ ಹೆಸರನ್ನೇ ನೋಡುತ್ತ ನಿಂತರು. “ಭಾಳ ಚೆಂದ ಬರ್ದೀರಿ ರೈಟರ್ರೇ” ಎಂದರು ಮೆಲ್ಲಗೆ. ನನ್ನ ಕೆಲಸ ಉಳಿಯಿತು ಎಂದುಕೊಂಡೆ.

ಅಷ್ಟರಲ್ಲಿ ಶೈಲಜಮ್ಮ ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು, ರಿಬ್ಬನ್ ಕಟ್ಟಿದ ಚಾಕು ತಂದರು.

“ಏನವ್ವಾ ಅದು?” ಎಂದರು ದೊಡ್ಡಮ್ಮ.

“ಕತ್ತರಿಸಾಕ ಅತ್ತೀ.”

“ಯಾರನ್ನ?”

ಎಲ್ಲರೂ ಕೇಕಿನ ಕಡೆ ಬಗ್ಗಿ ನೋಡಿದರು. ಮೇಲೆ ದೇವರು, ನಡುವೆ ಕೂಸು ಮತ್ತು ತೀರಿಹೋದ ಸಾಹುಕಾರರು ಒಂದೇ ಹೆಸರಿನಲ್ಲಿ, ಕೆಳಗೆ ಆಯುಸ್ಸು. ಚಾಕು ಎಲ್ಲಿ ಇಟ್ಟರೂ ಯಾರಿಗಾದರೂ ತಗಲುತ್ತದೆ. “ಅಂಚಿಗೆ ಸ್ವಲ್ಪ ಜಾಗ ಐತೇನು ನೋಡ್ರಿ” ಎಂದರು ಚಿಕ್ಕ ಸಾಹುಕಾರರು. ಇರಲಿಲ್ಲ. “ಹೆಸರು ಅಷ್ಟು ಅಳಿಸಿಬಿಟ್ರ?” ಎಂದರು ಯಾರೋ. “ಹುಟ್ಟಿದ ದಿನ ಹೆಸರು ಅಳಿಸ್ತೀರೇನು?” ಎಂದು ದೊಡ್ಡಮ್ಮ ಗುಡುಗಿದರು. ಶೈಲಜಮ್ಮ ಚಾಕು ಹಿಡಿದುಕೊಂಡೇ ನನ್ನ ಕಡೆ ನೋಡಿದ ನೋಟವನ್ನು ವರ್ಣಿಸಲಾರೆ. ಪಾಪ, ಅವರು ಒಂದು ಫೋಟೋ ಮಾತ್ರ ಕೇಳಿದ್ದರು. ನಾನು ಗೋಡೆಗೆ ಅಂಟಿಕೊಂಡು ನಿಂತೆ. ಏಪ್ರಿಲ್ ತಿಂಗಳ ಸೆಕೆ ಬೇರೆ. ನಲವತ್ತು ಜನ ನೋಡುತ್ತಿದ್ದಂತೆಯೇ ‘ಆಯು’ ಮೆತ್ತಗಾಗಿ ಕೆಳಕ್ಕೆ ಜಾರತೊಡಗಿತು. “ಅಯ್ಯೋ, ಆಯುಸ್ಸು ಹೊಂಟಿತು” ಎಂದಳು ಒಬ್ಬಳು ಮುದುಕಿ.

ನಮ್ಮನ್ನು ಪಾರು ಮಾಡಿದ್ದು ಕೂಸು. ತಾಯಿಯ ಸೊಂಟದಿಂದ ಬಗ್ಗಿ ತನ್ನ ಹೆಸರಿನೊಳಗೇ ಐದು ಬೆರಳನ್ನೂ ಇಳಿಸಿತು, ಹಿಡಿ ತುಂಬ ಬೆಣ್ಣೆ ತೆಗೆದು ಬಾಯಿಗೆ ಹಾಕಿಕೊಂಡಿತು. ಎಲ್ಲರೂ ದೊಡ್ಡಮ್ಮನ ಮುಖ ನೋಡಿದೆವು. ಅವರು ಜೋರಾಗಿ ನಕ್ಕುಬಿಟ್ಟರು. “ಸಾಹುಕಾರ್ರು ತಮ್ಮದನ್ನ ತಾವೇ ತಗೊಂಡ್ರು ಬಿಡು” ಎಂದರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಚಾಕು ಬ್ಯಾಡ. ದೇವರ ಹೆಸರು ಐತೆ, ಪ್ರಸಾದ ಅಂತ ಕೈಲೇ ಮುರಿದು ಕೊಡ್ತೀನಿ. ಬರ್ರಿ.” ನಲವತ್ತು ಜನರೂ ಸಾಲಾಗಿ ಬಂದು, ಬಲಗೈ ಒಡ್ಡಿ, ಕೇಕಿನ ಚೂರನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಎಲ್ಲರ ರೆಪ್ಪೆಯ ಮೇಲೂ ಬೆಣ್ಣೆ. ಚಾಕುವಿಗಾಗಿ ಕಾದು ಸಾಕಾದ ಫೋಟೋದವನು ಆ ಹೊತ್ತಿಗೇ ಕ್ಲಿಕ್ಕು ಮಾಡಿದ. ಆ ಫೋಟೋ ಈಗಲೂ ಅವರ ಪಡಸಾಲೆಯಲ್ಲಿದೆ. ಎಲ್ಲರೂ ಕಣ್ಣಿಗೆ ಕೈ ಹಚ್ಚಿ ನಿಂತಿದ್ದಾರೆ. ಹೊಸದಾಗಿ ನೋಡಿದವರು ಧ್ವನಿ ತಗ್ಗಿಸಿ, ಹೋದವರು ಯಾರು ಎಂದು ಕೇಳುತ್ತಾರೆ. ಶೈಲಜಮ್ಮ ನನ್ನೊಂದಿಗೆ ಆರು ತಿಂಗಳು ಮಾತಾಡಲಿಲ್ಲ.

ಟೈಪ್ ಮಿಷನ್ ಮುಂದಿನ ತಿಂಗಳೇ ಬಂತು, ಜೊತೆಗೆ ಟೈಪಿಸ್ಟೂ ಬಂದರು. ನನ್ನನ್ನು ಕರೆದಾಗ ಛತ್ರಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋದೆ, ಹಾಗೇ ಮನೆಗೆ ಹೋಗಲು ಅನುಕೂಲವಾಗಲಿ ಎಂದು. ಚಿಕ್ಕ ಸಾಹುಕಾರರು ನೆಲ ನೋಡುತ್ತ, “ಅವ್ವ ಹಟ ಹಿಡಿದಾಳ್ರಿ. ಶ್ರೀಕಾರ ಇಲ್ದ ಕಾಗ್ದ ಈ ಮನೆಯಿಂದ ಹೊರಗ ಹೋಗಬಾರ್ದಂತ. ಇಂಗ್ಲಿಷ್ ಮಿಷನ್ನಿನಾಗ ಶ್ರೀ ಇಲ್ಲ. ಅದನ್ನಷ್ಟು ನೀವು ಹಾಕ್ರಿ” ಎಂದರು. ಸಂಬಳ ಮೊದಲಿನಷ್ಟೇ. ಅಂದಿನಿಂದ ಟೈಪಿಸ್ಟು ಟಕಟಕ ಎಂದು ಇಡೀ ಕಾಗದ ಹೊಡೆದು ನನ್ನ ಮೇಜಿಗೆ ತಳ್ಳುತ್ತಾರೆ, ನಾನು ತಲೆಯ ಮೇಲೆ ಒಂದು ಶ್ರೀ ಬರೆಯುತ್ತೇನೆ. ಮೊದಲ ವಾರ ದುಃಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅದಕ್ಕೂ ಒಂದು ಗತ್ತು ಬಂತು. ಕಾಗದ ಯಾರದೇ ಇರಲಿ, ನನ್ನ ಅಕ್ಷರ ಬೀಳದೆ ಅದು ಮುಂಬಯಿಯನ್ನು ಮುಟ್ಟುವುದಿಲ್ಲ ಎಂದು ನಿಟ್ಟುವಳ್ಳಿಯ ಭಾವಮೈದುನನಿಗೆ ಹೇಳಿದ್ದೇನೆ. ಹೆಂಡತಿಗೂ ಹೇಳಿದ್ದೇನೆ.

ಹೋದ ತಿಂಗಳು ಒಂದು ಕಾಗದಕ್ಕೆ ಶ್ರೀ ಹಾಕುವುದನ್ನು ಮರೆತೆ. ಟಪಾಲಿಗೆ ಹಾಕಿ ಬಂದ ಮೇಲೆ ನೆನಪಾಯಿತು. ಒಂದು ವಾರ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಕಾಗದ ಮುಂಬಯಿಯನ್ನು ಮುಟ್ಟಿತು, ಉತ್ತರವೂ ಬಂತು, ವ್ಯಾಪಾರವೂ ಆಯಿತು. ಈ ಸಂಗತಿಯನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ನೀವೂ ದೊಡ್ಡಮ್ಮನವರ ಕಿವಿಗೆ ಹಾಕಬೇಡಿ.