ಎಂಟು ಸಿಲಿಂಡರಿನ ಕಾರು, ಒಂದು ಬಾವಿ

ಶೇಂಗಾಕ್ಕೆ ರೇಟು ಬಂದ ವರ್ಷ ನಮ್ಮ ಧರ್ಮಪುರದ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ರೇಟು ಮೇಲೇರಿದಂತೆ ಬುದ್ಧಿ ಕೆಳಗಿಳಿಯುತ್ತದೆ. ನಾನು ಕಣ್ಣಾರೆ ಕಂಡದ್ದು ನಮ್ಮ ಅಕ್ಕನ ಮನೆಯದು. ಭಾವನವರದು ಸಣ್ಣದೊಂದು ಎಣ್ಣೆ ಮಿಲ್ಲು. ಅಕ್ಕ ದಿನವೂ ಊರಾಚೆಯಿಂದ ನೀರು ಹೊರುತ್ತಿದ್ದಳು. "ಈ ಸಲ ರೇಟು ಬರಲಿ, ಹಿತ್ತಲಲ್ಲೇ ಬಾವಿ ತೋಡಿಸ್ತೀನಿ" ಎಂದು ಭಾವ ಮಾತು ಕೊಟ್ಟಿದ್ದರು. ಎಪ್ಪತ್ಮೂರರಲ್ಲಿ ರೇಟು ಬಂತು. ಬಾವಿ ಬರಲಿಲ್ಲ, ಕಾರು ಬಂತು.

ಗಾಳಿ ಬೀಸಿತು

ಎಣ್ಣೆ ವ್ಯಾಪಾರಕ್ಕೆ ಮದರಾಸಿಗೆ ಹೋದವರು ಅಲ್ಲೊಂದು ಅಮೆರಿಕದ ಕಾರು ನೋಡಿ ಬಂದರು. ಎಂಟು ಸಿಲಿಂಡರು, ಗಂಟೆಗೆ ನೂರಿಪ್ಪತ್ತು ಮೈಲಿ ಓಟ. ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಮೊದಲು ಮನೆದೇವರಲ್ಲಿ ಹೂ ಕೇಳುವುದು ಪದ್ಧತಿ. ದೇವರ ತಲೆಯ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ ಎಂದರ್ಥ.

ಭಾವ ಕೈಮುಗಿದು ಕೇಳಿದರು, "ಕಾರು ತಗಳ್ಳಲಾ, ತಂದೆ?"

ಹೂ ಎಡಕ್ಕೆ ಬಿತ್ತು.

"ಗಾಳಿ ಬೀಸ್ತು, ಪೂಜಾರಪ್ಪ. ಇನ್ನೊಂದು ಸಲ ಇಡ್ರಿ."

ಮತ್ತೆ ಎಡಕ್ಕೆ.

"ಹೂ ಬಾಡೈತೆ. ಹೊಸದು ಇಡ್ರಿ."

ಮೂರನೆಯದು ಬಲಕ್ಕೆ ಬಿತ್ತು. ಭಾವ ಅಡ್ಡಬಿದ್ದು ಎದ್ದವರೇ, "ನೋಡಿದ್ರಾ? ದೇವರ ಮಾತು ಮೀರಾಕೆ ಆಗ್ತದಾ!" ಎಂದರು.

ನೂರಿಪ್ಪತ್ತು ಮೈಲಿ ಓಟ

ಕಾರು ಬಂದ ವಾರವೇ ನನ್ನನ್ನು ಕೂರಿಸಿಕೊಂಡು ಹಿರಿಯೂರಿಗೆ ಹೊರಟರು. ನಾನು ಶಿವನಾಮ ಶುರು ಮಾಡಿದೆ. ಅದರ ಅಗತ್ಯವೇ ಬೀಳಲಿಲ್ಲ. ಊರು ದಾಟುತ್ತಲೇ ರಸ್ತೆ ತುಂಬ ಕುರಿಮಂದೆ. ಭಾವ ಹಾರನ್ ಒತ್ತಿದರು. ಕುರುಬರ ಯಜಮಾನ ನಿಧಾನವಾಗಿ ತಿರುಗಿ ನೋಡಿದ.

"ಒತ್ತಬ್ಯಾಡ್ರಿ ಸಾವ್ಕಾರ್ರೆ, ಕುರಿ ಬೆದರ್ತಾವೆ. ಅವಸರ ಯಾಕೆ, ಹಿಂದ್ಹಿಂದೆ ಬರ್ರಿ. ನಾವೂ ಹಿರಿಯೂರು ಸಂತೆಗೇ ಹೊಂಟೀವಿ."

ಬಸ್ಸಿನಲ್ಲಿ ಕಾರಿನ ಯಜಮಾನರು

ಪೆಟ್ರೋಲು ಸಿಗುವುದು ಹಿರಿಯೂರಿನಲ್ಲಿ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಈ ಕಾರು ಹಾಕಿಸಿದ್ದರಲ್ಲಿ ಬಹುಪಾಲು ಕುಡಿದು ಮುಗಿಸುತ್ತಿತ್ತು. ಅದೇ ಹೊತ್ತಿಗೆ ಪೆಟ್ರೋಲಿನ ಬೆಲೆಯೂ ಒಂದೇ ಸಮನೆ ಏರಿತು. ಭಾವ ಒಂದು ಉಪಾಯ ಕಂಡುಕೊಂಡರು. ಕಾರನ್ನು ಮನೆಯಲ್ಲಿ ಬಿಟ್ಟು, ಡಬ್ಬ ಹಿಡಿದು ಬಸ್ಸಿಗೆ ಹೋಗತೊಡಗಿದರು.

ವಾಪಸು ಬರುವಾಗ ಕಂಡಕ್ಟರು ಡಬ್ಬ ಮೂಸಿ ನೋಡಿ, "ಕಾರಿನ ಪೆಟ್ರೋಲೈತೆ, ಯಾರೂ ಬೀಡಿ ಹಚ್ಚಬ್ಯಾಡ್ರಪ್ಪೋ!" ಎಂದು ಕೂಗಿದ. ಆಗಲೇ ಕಡ್ಡಿ ಗೀರಲು ಹೊರಟಿದ್ದ ಮುದುಕನೊಬ್ಬ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ:

"ಬಸ್ಸಲ್ಲಿ ಹೋಗೋ ಬಡವರ ಬೀಡಿ ಬಿಡಿಸಿದ ಆ ಕಾರು ಯಾರದಪ್ಪಾ?"

ಭಾವ ಕಿಟಕಿಯ ಹೊರಗೆ ನೋಡುತ್ತಾ, "ಯಾರದೋ ಏನೋ" ಎಂದರು.

ಸಿಹಿ ನೀರು

ಪೆಟ್ರೋಲಿಗಿಂತ ಹೆಚ್ಚು ಅದು ಕುಡಿದದ್ದು ನೀರು. ಎಂಜಿನ್ ಕಾಯುತ್ತಿತ್ತು. ಅಕ್ಕ ಮನೆಗೆ ನಾಲ್ಕು ಕೊಡ ತಂದರೆ ಕಾರಿಗೆ ಎರಡು ತರಬೇಕು. "ಮನೇಲಿ ಎಮ್ಮೆ ಕಟ್ಟಿದ್ರೂ ಇಷ್ಟೇ ಕುಡೀತಿತ್ತು. ಅದಾದ್ರೂ ಹಾಲು ಕೊಡ್ತಿತ್ತು" ಎನ್ನುತ್ತಿದ್ದಳು.

ರಿಪೇರಿಗೆ ಚಿತ್ರದುರ್ಗಕ್ಕೇ ಹೋಗಬೇಕು. ಅಲ್ಲಿನ ಮೇಸ್ತ್ರಿ ಬಾನೆಟ್ ಎತ್ತಿದವನೇ ಒಳಗಿನ ಎಂಜಿನ್ನಿಗೆ ಕೈಮುಗಿದ. ಒಂದು ಸಾಮಾನು ಬೊಂಬಾಯಿಯಿಂದ ತರಿಸಬೇಕು, ಇನ್ನೊಂದನ್ನು ಕಲ್ಕತ್ತದಿಂದ. ನಾವು ಮೂರನೆಯ ಸಲ ಹೋದದ್ದು ಒಳ್ಳೆ ಬಿಸಿಲಲ್ಲಿ. ಆ ಸಲ ಅಕ್ಕನೂ ಜೊತೆಗಿದ್ದಳು. ಮೇಸ್ತ್ರಿಯ ಹೆಂಡತಿ ತಂಬಿಗೆಯಲ್ಲಿ ನೀರು ತಂದು ಅಕ್ಕನ ಕೈಗಿಟ್ಟಳು.

"ಕುಡೀರಿ ಅಕ್ಕಾರೆ. ಹೊಸ ಬಾವಿ ನೀರು, ಭಾಳ ಸಿಹಿ ಐತೆ. ನಿಮ್ಮ ಕಾರು ಬಂದ ಮ್ಯಾಲೇ ತೋಡಿಸಿದ್ದು."

ಅಕ್ಕ ಒಂದೇ ಉಸಿರಿಗೆ ಕುಡಿದು ಭಾವನಿಗೆ ಹೇಳಿದಳು, "ನೀವೂ ಕುಡೀರಿ. ನಮ್ಮದೇ ನೀರು."

ದೀಪ ಸಾಕ್ಷಿ

ಕೊನೆಗೆ ಭಾವನೂ ಸೋತರು. ಹೊಸದುರ್ಗದ ಕೊಬ್ಬರಿ ವ್ಯಾಪಾರಿಯೊಬ್ಬರು ಕಾರು ಕೊಳ್ಳಲು ಬಂದರು. ಅವರಿಗೂ ಅದೇ ಮನೆದೇವರು. ಎಲ್ಲರೂ ಒಟ್ಟಿಗೇ ಗುಡಿಗೆ ಹೋದೆವು.

ಭಾವ ಕೇಳಿದರು, "ಮಾರಲಾ, ತಂದೆ?" ಮಾತು ಮುಗಿಯುವ ಮೊದಲೇ ಹೂ ಬಲಕ್ಕೆ ಬಿತ್ತು. ಭಾವನ ಮುಖ ಅರಳಿತು.

ಆಮೇಲೆ ವ್ಯಾಪಾರಿ ಕೇಳಿದರು, "ಕೊಳ್ಳಲಾ, ತಂದೆ?" ಹೂ ಎಡಕ್ಕೆ ಬಿತ್ತು.

"ಗಾಳಿ ಬೀಸ್ತು ಕಣ್ರಿ, ಇನ್ನೊಂದು ಸಲ ಕೇಳ್ರಿ" ಎಂದು ಭಾವ ಅವರ ತೋಳು ಹಿಡಿದರು.

"ಬ್ಯಾಡ್ರಿ. ದೇವರನ್ನ ನಾವು ಒಂದೇ ಸಲ ಕೇಳೋರು" ಎಂದು ಅವರು ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ನಡೆದೇಬಿಟ್ಟರು.

ಭಾವ ಕಂಗಾಲಾಗಿ, "ಇದೇನು ಪೂಜಾರಪ್ಪ, ನನಗೆ ಮಾರು ಅಂತಾನೆ, ಅವರಿಗೆ ಕೊಳ್ಳಬ್ಯಾಡ ಅಂತಾನೆ!" ಎಂದರು.

"ಇಬ್ಬರಿಗೂ ಒಳ್ಳೇದನ್ನೇ ಹೇಳವ್ನೆ ಬಿಡ್ರಿ" ಎಂದರು ಪೂಜಾರಪ್ಪ.

ಆಗ ಅಕ್ಕ ಮುಂದೆ ಬಂದು ಸೆರಗು ಒಡ್ಡಿದಳು. "ನಂದೂ ಒಂದು ಐತೆ, ತಂದೆ. ಆ ಕಾರನ್ನ ತೂಕದ ಲೆಕ್ಕದಾಗೆ ಗುಜರಿಯೋನಿಗೆ ಹಾಕಿ, ಬಂದಷ್ಟರಲ್ಲಿ ಬಾವಿ ತೋಡಿಸಲಾ?"

ಹೂ ಬಲಕ್ಕೆ ಉದುರಿ ಅವಳ ಸೆರಗಿಗೇ ಬಂದು ಬಿತ್ತು.

ಭಾವ ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ದೇವರ ಮುಂದಿನ ನಂದಾದೀಪದ ಕಡೆ ಕೈ ತೋರಿಸಿದಳು.

"ದೀಪ ನೋಡ್ಕಂಡು ಮಾತಾಡ್ರಿ. ಒಂಚೂರೂ ಅಲ್ಲಾಡಿಲ್ಲ."