ಬಾಟಲಿಯೊಳಗಿನ ಮನುಷ್ಯ

ನೀವು ಮಾರುವ ವಸ್ತು ಕಣ್ಣಿಗೆ ಕಾಣುವುದಿಲ್ಲ, ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ ಅಂದಮೇಲೆ ಒಂದಿಲ್ಲೊಂದು ಪಜೀತಿ ಇದ್ದದ್ದೇ. ತೊಂಬತ್ತರ ದಶಕದಲ್ಲಿ ಧಾರವಾಡದಿಂದ ಪುಣೆಗೆ ಬಂದ ನಾನು ಸೇರಿದ್ದು, ಪ್ರಯೋಗಾಲಯಗಳಿಗೆ ಸೈಟೋಕೈನ್ ತರಿಸಿಕೊಡುವ ಸಣ್ಣ ಕಂಪನಿ. ನಮ್ಮ ಮೈಯೊಳಗಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪ್ರೋಟೀನು ಅದು. ಸಂಶೋಧನೆಗೆ ಬೇಕಾದದ್ದನ್ನು ಬ್ಯಾಕ್ಟೀರಿಯಾಗಳ ಕೈಲಿ ಮಾಡಿಸಿ, ಒಣಗಿಸಿ, ಕಿರುಬೆರಳಿನಂಥ ಬಾಟಲಿಯಲ್ಲಿ ಪರದೇಶದಿಂದ ಕಳಿಸುತ್ತಿದ್ದರು.

ಸ್ವಚ್ಛ ಕೆಲಸ

ಪುಣೆಯಲ್ಲೇ ಪಿಎಚ್.ಡಿ. ಮಾಡುತ್ತಿದ್ದ ಹುಬ್ಬಳ್ಳಿಯ ಹುಡುಗಿಯೊಬ್ಬಳು ಇಂಥ ಒಂದು ಬಾಟಲಿಗಾಗಿ ತಿಂಗಳುಗಟ್ಟಲೆ ಕಾದಿದ್ದಳು. ಅದು ತಲುಪಿದ ದಿನವೇ ಫೋನಿನಲ್ಲಿ ಅತ್ತಳು. "ಸರ್, ಬಾಟ್ಲಿ ಖಾಲಿ ಬಂದದಂತ್ರಿ!"

ಸ್ಕೂಟರ್ ಹತ್ತಿ ಓಡಿದೆ. ಅವರ ಸಂಸ್ಥೆಯ ಸ್ಟೋರಿನಲ್ಲಿದ್ದವರು ಬೆಳಗಾವಿ ಕಡೆಯ ಹಿರಿಯರು.

"ಖಾಲಿ ಅಲ್ರೀ ಕಾಕಾ, ಒಣಗಿಸಿದ ಪ್ರೋಟೀನು ಕಾಣಂಗಿಲ್ಲ. ತಳಕ್ಕ ತೆಳ್ಳಗ ಹತ್ತಿರತದ," ಅಂದೆ.

"ಹೌದ್ರಿ, ಹತ್ತಿತ್ತು!" ಅಂದರು ಖುಷಿಯಿಂದ. "ಸೋಪ್ ಹಚ್ಚಿ ತೊಳದು ಬೋರಲ ಇಟ್ಟೀನಿ."

ಹುಡುಗಿಯ ಮುಖ ನೋಡಲಾಗದೆ ನಮ್ಮ ಮಾಲೀಕರು ಇನ್ನೊಂದು ಬಾಟಲಿ ತರಿಸಿಕೊಟ್ಟರು. ಕಾಕಾ ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದು ಅವಳಿಗೆ ಕೊಟ್ಟರು. "ತಗೋವಾ ತಂಗಿ. ಈ ಸಲ ಹೊಲಸು ಹಂಗs ಬಿಟ್ಟೀನಿ."

ಸ್ವಾರಗೇಟಿನ ಬಸ್ಸು

ಕೊಲ್ಲಾಪುರದ ಕಾಲೇಜಿಗೆ ಮಾಲು ಒಯ್ಯಲು ಪುಣೆಯ ಸ್ವಾರಗೇಟ್ ನಿಲ್ದಾಣದಲ್ಲಿ ಕೆಂಪು ಬಸ್ಸು ಹತ್ತಿದೆ. ಥರ್ಮಾಕೋಲ್ ಪೆಟ್ಟಿಗೆಯೊಳಗೆ ಡ್ರೈ ಐಸ್. ಅದು ಕರಗಿ ನೀರಾಗುವುದಿಲ್ಲ, ಬಿಳೀ ಹೊಗೆಯಾಗುತ್ತದೆ. ಕಾತ್ರಜ್ ಘಾಟಿನಲ್ಲಿ ಸೀಟಿನ ಕೆಳಗಿಂದ ಹೊಗೆ ಎದ್ದಿತು. ಕಂಡಕ್ಟರ್ ಬಗ್ಗಿ ನೋಡಿದ. ಪೆಟ್ಟಿಗೆಯ ಮೇಲೆ ಇಂಗ್ಲಿಷಿನ ದಪ್ಪಕ್ಷರದಲ್ಲಿ, ಪ್ರೋಟೀನಿನ ಹೆಸರಿನ ಮೊದಲ ಪದ, 'ಹ್ಯೂಮನ್' ಅಂತ ಬರೆದಿತ್ತು.

"ಆತ್ ಕೋಣ್ ಆಹೆ?" ಅಂದ ಮರಾಠಿಯಲ್ಲಿ. ಒಳಗೆ ಏನಿದೆ ಅಂತಲ್ಲ, ಯಾರಿದ್ದಾರೆ ಅಂತ!

ಬಸ್ಸು ನಿಂತಿತು. ಇಳಿಸಿಬಿಟ್ಟರೆ ಬಿಸಿಲಿಗೆ ಎಲ್ಲ ಹಾಳು. ನನಗೆ ಬಂದಷ್ಟು ಮರಾಠಿಯಲ್ಲಿ, ಇದು ಕ್ಯಾನ್ಸರಿನ ಸಂಶೋಧನೆಗೆ, ಇದರಿಂದ ಜೀವಕೋಶ ಬೆಳೆಸುತ್ತಾರೆ ಅಂತ ಕೈಮುಗಿದು ಹೇಳಿದೆ. ಪಕ್ಕದ ಅಜ್ಜಿಯೊಬ್ಬಳು ಕಂಡಕ್ಟರನನ್ನು ಗದರಿ ಬಸ್ಸು ಬಿಡಿಸಿದಳು. ಆಮೇಲೆ ತನ್ನ ಶಾಲು ತೆಗೆದು ಪೆಟ್ಟಿಗೆಗೆ ಹೊದಿಸುತ್ತ, ನನ್ನನ್ನೂ ಮರಾಠಿಯಲ್ಲೇ ಗದರಿದಳು: "ಬೆಳೆಯೋ ಜೀವ ಅಂತೀಯ, ಇಷ್ಟು ಥಂಡಿಯಲ್ಲಿ ಬರಿಮೈಯಲ್ಲಿ ಇಡ್ತಾರೇನೋ?"

ಹೆಣ್ಣು ನೋಡಲು ಹೋದದ್ದು

ಇದು ಧಾರವಾಡದಲ್ಲಿ ಆದದ್ದು. ಹುಡುಗಿಯ ಅಜ್ಜ ನಿವೃತ್ತ ವಕೀಲರು. ಉಪ್ಪಿಟ್ಟು ಬಂತು, ಉದ್ಯೋಗದ ಪ್ರಶ್ನೆಯೂ ಬಂತು.

"ಮಾನವ ಪ್ರೋಟೀನು ಮಾರತೀನ್ರಿ," ಅಂದೆ.

ಎಲ್ಲರ ಚಮಚ ನಿಂತವು. ನಮ್ಮಪ್ಪ ನೆಲ ನೋಡಿದರು. ಈ ಸಂಬಂಧವೂ ತಪ್ಪಿತು ಅಂದುಕೊಂಡೆ.

"ಯಾರ ಮೈಯಿಂದ ತಗೀತೀರಿ?" ಅಜ್ಜ ಕೇಳಿದರು.

"ಯಾರ ಮೈಯಿಂದನೂ ಅಲ್ರೀ. ಜೀನ್ ಅಷ್ಟs ಮನಷ್ಯಾರದು. ಅದನ್ನ ಬ್ಯಾಕ್ಟೀರಿಯಾದೊಳಗ ಸೇರಸ್ತಾರ. ಅದು ತಂದs ಅನ್ಕೊಂಡು ಪ್ರೋಟೀನು ಮಾಡ್ತದ."

ಅಜ್ಜ ಕಣ್ಣುಮುಚ್ಚಿ ಯೋಚಿಸಿದರು. "ಅಂದ್ರ ಹುಟ್ಟಿದ ಮನಿ ಒಂದು, ಬೆಳದ ಮನಿ ಇನ್ನೊಂದು. ದತ್ತಕ!"

"ಹಂಗs ಅನ್ರಿ."

"ದತ್ತಕ ಹೋದಮ್ಯಾಲ ಗೋತ್ರ ಬದಲಾತು. ನೀವು ಇನ್ನೂ ಮನಷ್ಯಾರ ಹೆಸರಿಲೆ ಮಾರಾಕ ಹತ್ತೀರಿ. ಕೋರ್ಟಿಗೆ ಹೋದ್ರ ಬ್ಯಾಕ್ಟೀರಿಯಾನs ಗೆಲ್ತದ!"

ಪಡದೆಯ ಹಿಂದೆ ಹುಡುಗಿ ಫಕ್ಕನೆ ನಕ್ಕಳು. "ನಕ್ಕಳು ಅಂದ್ರ ಒಪ್ಪಿದ್ಲು, ಉಪ್ಪಿಟ್ಟು ತಿನ್ರಿ," ಅಂದರು ಅಜ್ಜ.

ಲಗ್ನದ ದಿನ ಅಜ್ಜ ನನ್ನ ಕೈ ಹಿಡಿದು, ಬಂದವರಿಗೆಲ್ಲ ಅಭಿಮಾನದಿಂದ ಪರಿಚಯಿಸಿದರು: "ನಮ್ಮ ಅಳಿಯಂದಿರು ಪುಣೇದಾಗ ಬ್ಯಾಕ್ಟೀರಿಯಾಗಳಿಗೆ ದತ್ತಕ ಕೊಡಸ್ತಾರ್ರಿ. ಭಾಳ ಛಲೋ ಕೆಲಸ. ಕಾಗದಪತ್ರ ಅಷ್ಟು ನಾ ನೋಡ್ಕೋಬೇಕಾಗೇದ."